ಅವಳ ಹೆಸರಿನಲ್ಲಿ ನಾನು ಆಡಿದ ಆಟ

ಕೋಲಿನಿಂದ ಚೆಂಡು ಹೊಡೆದು ಆಡುವ ಪೂಲ್ ಆಟದ ಟೇಬಲ್ಲನ್ನು ನಾನು ಇವತ್ತಿಗೂ ಕೈಯಿಂದ ಮುಟ್ಟಿ ನೋಡಿಲ್ಲ. ಆದರೆ ಒಂದು ಕಾಲದಲ್ಲಿ ಆ ಆಟವನ್ನು ಚೆನ್ನಾಗಿಯೇ ಆಡುತ್ತಿದ್ದೆ. ಆಡಿದ್ದು ಕಂಪ್ಯೂಟರಿನಲ್ಲಿ, ಬೇರೆಯವರ ಮನೆಯಲ್ಲಿ, ಬೇರೆಯವರ ಹೆಸರಿನಲ್ಲಿ. ಇದನ್ನು ಇಲ್ಲಿಯವರೆಗೆ ಒಬ್ಬರ ಹತ್ತಿರ ಮಾತ್ರ ಹೇಳಿಕೊಂಡಿದ್ದೇನೆ. ಹೇಳಲೇಬೇಕಾಗಿದ್ದ ಇನ್ನೊಬ್ಬರಿಗೆ ಹೇಳಲಿಲ್ಲ.

ನಾನು ಹುಟ್ಟಿದ್ದು ಉತ್ತರಹಳ್ಳಿಯಲ್ಲಿ. ಪಿಯುಸಿ ಮುಗಿದ ವರ್ಷವೇ ಮದುವೆ ಮಾಡಿ ಜರಗನಹಳ್ಳಿಗೆ ಕಳಿಸಿದರು. ಗಂಡನ ಮನೆಯವರು ಹಿಂದೆ ರಾಗಿ, ಸೊಪ್ಪು ಬೆಳೆಯುತ್ತಿದ್ದವರು. ನಾನು ಬರುವ ಹೊತ್ತಿಗೆ ಹೊಲವೆಲ್ಲ ಬಡಾವಣೆಯಾಗಿ ಹೋಗಿತ್ತು. ಉಳಿದ ಜಾಗದಲ್ಲಿ ಮಾವ ಮಹಡಿ ಕಟ್ಟಿಸಿದ್ದರು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಮಾವ ತೀರಿಕೊಂಡ ಮೇಲೆ ಬಾಡಿಗೆ ಮನೆಗಳ ಕಾರುಬಾರೆಲ್ಲ ಅತ್ತೆಯದು. ನನ್ನ ಗಂಡನಿಗೆ ಕನಕಪುರ ರಸ್ತೆಯಲ್ಲಿ ಪೈಪು, ಪೇಂಟು, ಬೀಗ, ಚಿಲಕ ಮಾರುವ ಅಂಗಡಿಯಿತ್ತು. ಬೆಳಿಗ್ಗೆ ಹೋದರೆ ಊಟಕ್ಕೂ ಬರುತ್ತಿರಲಿಲ್ಲ, ಡಬ್ಬಿ ಕಳಿಸುತ್ತಿದ್ದೆ.

ಯಾರೇ ಬಾಡಿಗೆಗೆ ಬರಲಿ, ಒಂದು ಕೀ ನಮ್ಮ ಹತ್ತಿರ ಇರಬೇಕು ಎನ್ನುವುದು ಅತ್ತೆಯ ನಿಯಮ. ನಲ್ಲಿ ಸೋರೀತು, ಗ್ಯಾಸು ಬಿಟ್ಟು ಹೋದಾರು ಎನ್ನುತ್ತಿದ್ದರು. ಆ ಕೀಗಳೆಲ್ಲ ಅಡುಗೆಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇರುತ್ತಿದ್ದವು.

ಎರಡು ಸಾವಿರದ ಐದೋ ಆರೋ ಇರಬೇಕು. ಮೇಲಿನ ಮಹಡಿಗೆ ಗದಗದ ಕಡೆಯ ಹೆಣ್ಣುಮಗಳೊಬ್ಬಳು ಬಾಡಿಗೆಗೆ ಬಂದಳು. ಬಿಟಿಎಂನಲ್ಲಿ ಆಫೀಸು. ಅಲ್ಲೇ ಮೂರ್ನಾಲ್ಕು ಜನರ ಜೊತೆ ಒಂದು ಕೋಣೆಯಲ್ಲಿದ್ದು ಸಾಕಾಗಿ, ಒಬ್ಬಳೇ ಇರಬೇಕೆಂದು ಇಷ್ಟು ದೂರ ಬಂದಿದ್ದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳು. ನಸುಕಿನಲ್ಲೇ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುತ್ತಿದ್ದುದರಿಂದ ಅತ್ತೆಗೂ ಹಿಡಿಸಿದ್ದಳು. ನನ್ನನ್ನು 'ಅಕ್ಕಾರ' ಎನ್ನುತ್ತಿದ್ದಳು. ನಾನು ಆಕೆಯನ್ನು ಮೇಡಂ ಎಂದು ಕರೆದರೆ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು.

ಒಂದು ಭಾನುವಾರ ಹಿತಕಿದ ಬೇಳೆ ಸಾರು ಮಾಡಿದ್ದೆ. ಒಂದು ಬಟ್ಟಲಲ್ಲಿ ಹಾಕಿಕೊಂಡು ಮೇಲೆ ಹೋದರೆ ಆಕೆ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ಬರ್ರಿ ಅಕ್ಕಾರ, ಒಳಗ ಬರ್ರಿ. ಒಂದ ನಿಮಿಷ, ಈ ಆಟ ಮುಗಿಸಿಬಿಡ್ತೀನಿ."

ಪರದೆಯ ಮೇಲೆ ಹಸಿರು ಮೇಜು, ಬಣ್ಣಬಣ್ಣದ ಚೆಂಡು, ಒಂದು ಕೋಲು. ಮೌಸನ್ನು ಹಿಂದಕ್ಕೆಳೆದು ಬಿಟ್ಟರೆ ಕೋಲು ಬಿಳಿ ಚೆಂಡಿಗೆ ಹೊಡೆಯುತ್ತಿತ್ತು. ಆಕೆ ಹೊಡೆದ ಮೇಲೆ ಕೋಲು ತನ್ನಷ್ಟಕ್ಕೆ ತಾನೇ ಅಲುಗಾಡಿತು. ನಾನು ಗಾಬರಿಯಾಗಿ ಮೌಸ್ ನೋಡಿದೆ. ಆಕೆ ಅದನ್ನು ಮುಟ್ಟಿರಲಿಲ್ಲ.

"ಈಗ ಹೊಡೀತಿರೋದ್ಯಾರು?" ಎಂದೆ.

"ಯಾರಿಗ್ಗೊತ್ರೀ? ಯಾವ ದೇಶದವರೋ ಏನೋ. ನಾನ್ಯಾರು ಅಂತ ಅವರಿಗೂ ಗೊತ್ತಿಲ್ಲ. ಕುಂದರ್ರಿ, ನೀವೂ ಒಂದ ಆಟ ಆಡ್ರಿ."

ಹೊಸಬರಿಗೆಂದೇ ಬೇರೆ ಕೋಣೆಗಳಿದ್ದವು. ಕೋಣೆಯ ಹೆಸರಿನ ಮೇಲೆ ಒತ್ತಿದರೆ ಬೂದು ಬಣ್ಣದ ಚೌಕ ತೆರೆದು, ಹಬೆಯಾಡುವ ಕಾಫಿ ಕಪ್ಪಿನ ಚಿತ್ರ ಬಹಳ ಹೊತ್ತು ನಿಲ್ಲುತ್ತಿತ್ತು. ಆಮೇಲೆ ಒಂದೊಂದು ಮೇಜಿಗೆ ಇಬ್ಬಿಬ್ಬರು ಕೂತಿರುವುದು ಕಾಣುತ್ತಿತ್ತು. ಆಕೆ ಒಂದು ಖಾಲಿ ಕುರ್ಚಿಯ ಮೇಲೆ ಒತ್ತಿ ನನ್ನನ್ನು ಕೂರಿಸಿದಳು. ತುಂಬಿದ ಬಣ್ಣದ ಚೆಂಡು ಒಬ್ಬರಿಗೆ, ಪಟ್ಟೆಯವು ಇನ್ನೊಬ್ಬರಿಗೆ, ಕರಿಯದನ್ನು ಕೊನೆಗೆ ಹಾಕಬೇಕು ಎಂದು ಹೇಳಿಕೊಟ್ಟಳು. ನಾನು ಮೊದಲ ಹೊಡೆತಕ್ಕೇ ಬಿಳಿ ಚೆಂಡನ್ನು ತೂತಿಗೆ ಬೀಳಿಸಿದೆ. ಎರಡನೆಯದಕ್ಕೆ ಕರಿಯದನ್ನು. ಆಟ ಮುಗಿಯಿತು. ಎದುರಾಳಿ ಎರಡು ಅಕ್ಷರ ಬರೆದು ಎದ್ದುಹೋದ.

"ಏನಂತೆ? ಬೈದ್ನಾ?"

"ಇಲ್ರೀ, ಜಿಜಿ ಅಂದ. ಗುಡ್ ಗೇಮ್ ಅಂತ. ಆಟ ಚಲೋ ಇತ್ತು ಅಂತ ಹೇಳ್ತಾರ."

ಸೋತವಳಿಗೂ ಚಲೋ ಎನ್ನುತ್ತಾರಲ್ಲ ಎಂದು ನನಗೆ ಆಶ್ಚರ್ಯ. ಇನ್ನೊಂದು ಆಡಿದೆ, ಇನ್ನೊಂದು. ಕೆಳಗಿನಿಂದ ಅತ್ತೆ ಕೂಗುವವರೆಗೂ ಆಡಿದೆ. ನನ್ನದೇ ಹೆಸರಿನಲ್ಲಿ ಆಡಬೇಕಾದರೆ ಮೊದಲು ಇ-ಮೇಲ್ ಬೇಕು, ಆಮೇಲೆ ಐಡಿ ಮಾಡಬೇಕು ಎಂದಳು. "ಬರೂ ರವಿವಾರ ಮಾಡೂಣ್ರಿ. ಅಲ್ಲೀತನಕಾ ನನ್ನ ಹೆಸರಿನ್ಯಾಗ ಆಡ್ರಿ, ಏನಾಗೂದಿಲ್ಲ. ಆದರ ಒಂದ ಮಾತು ಅಕ್ಕಾರ. ಊರು ಯಾವ್ದು, ಮನಿ ಎಲ್ಲಿ ಅಂತ ಯಾರು ಕೇಳಿದ್ರೂ ಹೇಳಬಾರದು. ನಾನಂತೂ ಇಂಡಿಯಾ ಅಂತೀನಿ, ಮುಗೀತು."

ಆಯಿತು ಎಂದೆ. ಮುಂದಿನ ಭಾನುವಾರ ಆಕೆ ಹಬ್ಬಕ್ಕೆ ಊರಿಗೆ ಹೋಗಿದ್ದಳು. ಅದರ ಮುಂದಿನ ಭಾನುವಾರ ನಮ್ಮ ಮನೆಗೆ ಸುಬ್ರಹ್ಮಣ್ಯಪುರದಿಂದ ನಾದಿನಿ ಮಕ್ಕಳೊಂದಿಗೆ ಬಂದಿದ್ದಳು. ನನ್ನ ಐಡಿ ಆಗಲೇ ಇಲ್ಲ.

ಒಂದು ಮಧ್ಯಾಹ್ನ ಮೇಲಿನ ಮನೆಯಿಂದ ನೀರು ಮೆಟ್ಟಿಲ ಮೇಲೆ ಹರಿದು ಬಂತು. ಬೆಳಿಗ್ಗೆ ನೀರು ಬಂದಿರಲಿಲ್ಲ. ಆಕೆ ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಹೋಗಿದ್ದಿರಬೇಕು. "ಹೋಗಿ ನಿಲ್ಸಿ ಬಾರೇ, ಟ್ಯಾಂಕೆಲ್ಲ ಖಾಲಿಯಾಗುತ್ತೆ" ಎಂದು ಅತ್ತೆ ಡಬ್ಬಿಯಿಂದ ಕೀ ತೆಗೆದು ಕೊಟ್ಟರು. ಹೋಗಿ ನಲ್ಲಿ ನಿಲ್ಲಿಸಿದೆ. ನೆಲ ಒರೆಸಿದೆ. ಕಂಪ್ಯೂಟರಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ಅದನ್ನು ತೆಗೆದೆ. ಐದೇ ನಿಮಿಷ ಅಂದುಕೊಂಡು ಕೂತೆ. ಆಕೆಯ ಹೆಸರು, ಪಾಸ್‌ವರ್ಡು ಎಲ್ಲ ಅದರಲ್ಲೇ ಉಳಿದಿತ್ತು. ನಾನು ಏನನ್ನೂ ಹುಡುಕಬೇಕಾಗಲಿಲ್ಲ. ಎರಡು ಆಟ ಸೋತು ಮೂರನೆಯದನ್ನು ಗೆದ್ದೆ. ಜೀವನದಲ್ಲಿ ಅಷ್ಟು ಖುಷಿಯಾಗಿ ಬಹಳ ದಿನವಾಗಿತ್ತು.

ಮರುದಿನ ನಲ್ಲಿ ತೆರೆದಿರಲಿಲ್ಲ. ಆದರೂ ಹೋದೆ.

ಆಮೇಲೆ ಅದು ದಿನದ ಕೆಲಸವಾಯಿತು. ಊಟವಾದ ಮೇಲೆ ಅತ್ತೆ ಮಲಗುತ್ತಿದ್ದರು. ಮಗಳ ಸ್ಕೂಲ್ ವ್ಯಾನ್ ಬರುವುದಕ್ಕೆ ಇನ್ನೂ ಹೊತ್ತಿರುತ್ತಿತ್ತು. ಒಗೆದ ಬಟ್ಟೆಯ ಬಕೆಟ್ ಹಿಡಿದುಕೊಂಡು, ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಯಾರಾದರೂ ನೋಡಿದರೆ ಟೆರೇಸಿಗೆ ಬಟ್ಟೆ ಒಣಹಾಕಲು ಹೋಗುತ್ತಿದ್ದೇನೆ ಎಂದುಕೊಳ್ಳಬೇಕು. ಎಷ್ಟೋ ದಿನ ಬಟ್ಟೆ ಸಂಜೆಯವರೆಗೂ ಬಕೆಟ್‌ನಲ್ಲೇ ಮುದ್ದೆಯಾಗಿ ಬಿದ್ದಿರುತ್ತಿತ್ತು.

ಬೇಗ ಕಲಿತೆ. ಚೆಂಡನ್ನು ಗೋಡೆಗೆ ತಾಗಿಸಿ ತಿರುಗಿಸುವುದು, ಮೆಲ್ಲಗೆ ಹೊಡೆದು ಬಿಳಿ ಚೆಂಡನ್ನು ಬೇಕಾದಲ್ಲಿ ನಿಲ್ಲಿಸುವುದು ಎಲ್ಲ ಕೈಗೆ ಬಂತು. ಜನ ಬರೆಯುತ್ತಿದ್ದ ಮೊಟಕು ಪದಗಳನ್ನು ಮಗಳ ಹಳೆಯ ನೋಟ್‌ಬುಕ್ಕಿನ ಹಿಂದೆ ಕನ್ನಡದಲ್ಲಿ ಬರೆದಿಟ್ಟುಕೊಂಡು, ಅರ್ಥ ಊಹಿಸಿ ಊಹಿಸಿ ಕಲಿತೆ. ಕಷ್ಟದ ಚೆಂಡೊಂದನ್ನು ಬೀಳಿಸಿದಾಗ ಎದುರಾಳಿ 'ನೈಸ್ ಶಾಟ್' ಎಂದು ಬರೆದರೆ ಒಬ್ಬಳೇ ಕೂತು ನಗುತ್ತಿದ್ದೆ. ಅಲ್ಲಿ ನಾನು ಯಾರ ಸೊಸೆಯೂ ಆಗಿರಲಿಲ್ಲ.

ಎದ್ದು ಬರುವಾಗ ಎಲ್ಲವನ್ನೂ ಮೊದಲಿದ್ದ ಹಾಗೇ ಇಡುತ್ತಿದ್ದೆ. ಕುರ್ಚಿ, ಮೌಸು, ಹೊದಿಸಿದ ಬಟ್ಟೆಯ ಮಡಿಕೆ. ಬೇರೆ ಯಾವುದನ್ನೂ ಮುಟ್ಟುವುದಿಲ್ಲವಲ್ಲ, ಹಾಗಾಗಿ ಇದು ಕಳ್ಳತನವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದೂ ನಿಜವಲ್ಲ. ಒಂದು ದಿನ ಬಾಯಾರಿ ಆಕೆಯ ಬಿಂದಿಗೆಯಿಂದ ನೀರು ಕುಡಿದೆ. ಇನ್ನೊಂದು ದಿನ, ಊರಿಂದ ತಂದಿದ್ದ ಶೇಂಗಾ ಹೋಳಿಗೆಯಲ್ಲಿ ಒಂದನ್ನು ತಿಂದೆ. ಉಳಿದವುಗಳನ್ನು ಸರಿಮಾಡಿ ಜೋಡಿಸಿಟ್ಟು, ತುಟಿ ಒರೆಸಿಕೊಂಡು ಕೆಳಗಿಳಿದೆ. ಆ ಭಾನುವಾರ ಆಕೆ ನನ್ನ ಮುಂದೆ ಕೂತು, "ನನಗ ಯಾಕೋ ಮರುವು ಹೆಚ್ಚಾಗೈತ್ರೀ ಅಕ್ಕಾರ. ಏನು ಎಲ್ಲಿಟ್ಟೆ, ಎಷ್ಟಿಟ್ಟೆ, ನೆನಪ ಉಳೀವಲ್ದು" ಎಂದಳು. "ಆಫೀಸ್ ಟೆನ್ಷನ್ ಇರ್ಬೇಕು, ಚೆನ್ನಾಗಿ ನಿದ್ದೆ ಮಾಡಿ" ಎಂದೆ ನಾನು.

ಅಷ್ಟಕ್ಕೇ ನಿಂತಿದ್ದರೂ ಇದನ್ನು ಇವತ್ತು ನಗುತ್ತಾ ಬರೆಯಬಹುದಿತ್ತು.

ಮಧ್ಯಾಹ್ನದ ಹೊತ್ತು ಒಬ್ಬ ಆಟಗಾರ ಮತ್ತೆ ಮತ್ತೆ ಸಿಗುತ್ತಿದ್ದ. ನನಗಿಂತ ಎಷ್ಟೋ ಚೆನ್ನಾಗಿ ಆಡುವವನು, ಆದರೂ ನನ್ನ ಮೇಜಿಗೇ ಬಂದು ಕೂರುತ್ತಿದ್ದ. ಒಂದು ದಿನ ಇಂಗ್ಲಿಷ್ ಅಕ್ಷರದಲ್ಲಿ 'ಕನ್ನಡ ಗೊತ್ತಾ' ಎಂದು ಬರೆದ. ಐಡಿಯಲ್ಲಿದ್ದ ಹೂವಿನ ಕನ್ನಡ ಹೆಸರು ನೋಡಿ ಕೇಳಿದ್ದಂತೆ. ಆ ಜಾಗದಲ್ಲಿ ಕನ್ನಡ ಕಂಡಿದ್ದೇ ನನಗೆ ಯಾರೋ ಹೆಸರು ಹಿಡಿದು ಕರೆದ ಹಾಗಾಯಿತು. ಗೊತ್ತು ಎಂದೆ. ತಾನು ಬನಶಂಕರಿಯವನು ಎಂದ. ನಾನು ಜೆ.ಪಿ. ನಗರದ ಹತ್ತಿರ ಎಂದೆ. ಹತ್ತಿರ ಅಂದರೆ ಎಲ್ಲಿ ಎಂದ. ಜರಗನಹಳ್ಳಿ ಎಂದೆ. ಅಲ್ಲಿ ತನ್ನ ಚಿಕ್ಕಪ್ಪನ ಮನೆಯಿದೆ, ಯಾವ ಬೀದಿ ಎಂದ. ನಮ್ಮ ಕಡೆ ಬಸ್‌ಸ್ಟಾಪಿನಲ್ಲಿ ಯಾರಾದರೂ ಯಾರ ಮನೆಯವಳಮ್ಮ ಎಂದು ಕೇಳಿದರೆ ಹೇಳುತ್ತೇವಲ್ಲ, ಹಾಗೆ ಹೇಳಿಬಿಟ್ಟೆ. ದೇವಸ್ಥಾನದ ಹಿಂದಿನ ಬೀದಿ, ಹಸಿರು ಗೇಟು, ಮೇಲಿನ ಮಹಡಿ.

ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದ.

ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಅತ್ತೆ, ಗಂಡ, ಮಗಳು ಎಂದು ಬರೆಯಬಹುದಿತ್ತು. ನಾನು 'ಒಬ್ಬಳೇ' ಎಂದು ಬರೆದೆ. ಬಿಟಿಎಂನ ಆಫೀಸಿನಲ್ಲಿ ಕೆಲಸ, ಈ ತಿಂಗಳು ಮಧ್ಯಾಹ್ನ ಮನೆಯಲ್ಲಿರುತ್ತೇನೆ ಎಂದೂ ಬರೆದೆ. ಆ ಕುರ್ಚಿಯಲ್ಲಿ ಕೂತು, ಆ ಹೆಸರಿನಲ್ಲಿ ಆಡುತ್ತಾ ಆಡುತ್ತಾ, ಆ ಬದುಕೂ ನನ್ನದೇ ಎಂದು ಹೇಳಿಕೊಳ್ಳುವ ಆಸೆಯಾಯಿತು. ಅವನಿಗೆ ಸುಳ್ಳು ಹೇಳುತ್ತಿದ್ದೇನೆ ಎಂದಷ್ಟೇ ಅಂದುಕೊಂಡಿದ್ದೆ. ಆದರೆ ಆಕೆಯ ಪಾಲಿಗೆ ಅದರಲ್ಲಿ ಮುಕ್ಕಾಲು ಭಾಗ ನಿಜವಾಗಿತ್ತು.

ಒಂದೆರಡು ವಾರದ ನಂತರ ಮಗಳಿಗೆ ಜ್ವರ ಬಂದು ನಾಲ್ಕು ದಿನ ಮೇಲೆ ಹೋಗಲಾಗಲಿಲ್ಲ. ಆ ವಾರದ ಒಂದು ಸಂಜೆ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಆಕೆ ಇಳಿದು ಬಂದಳು. ಆಫೀಸಿನಿಂದ ಬಂದ ಬಟ್ಟೆಯಲ್ಲೇ ಇದ್ದಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾರ, ನಿಮ್ಮ ಹಂತ್ಯಾಕ ಒಂದ ಮಾತು ಹೇಳಲಿ? ಯಾರಿಗೂ ಹೇಳಬ್ಯಾಡ್ರಿ."

"ಏನಾಯ್ತು?"

"ಆಟದಾಗ ಯಾರೋ ನನಗ ಬರದಾನ್ರೀ. ಎರಡ ದಿನಾ ಆತು, ಮಧ್ಯಾಹ್ನ ಯಾಕ ಬರವಲ್ರಿ ಅಂತ. ನಾ ಮಧ್ಯಾಹ್ನ ಎಂದ ಆಡೀನ್ರೀ? ನೀವ್ಯಾರು ಅಂತ ಕೇಳಿದ್ರ, ಮರತ್ರೇನು, ಜರಗನಹಳ್ಳಿ ಹಸಿರು ಗೇಟಿನ ಮನಿ, ಮ್ಯಾಲಿನ ಮಹಡಿ, ಒಬ್ಬಾಕೀನ ಇರ್ತೀರಲ್ಲ, ಅಂತಾನ. ಆ ಕಡೆ ಬಂದಾಗ ಭೇಟ್ಟಿ ಆಗ್ತೀನಿ ಅಂತಾನ."

ನನ್ನ ಕೈಯಲ್ಲಿದ್ದ ಪಾತ್ರೆಯನ್ನು ಮತ್ತೆ ಮತ್ತೆ ಉಜ್ಜುತ್ತಿದ್ದೆ.

"ಬರೇ ಅಷ್ಟ ಅಲ್ರೀ," ದನಿ ತಗ್ಗಿಸಿದಳು. "ಮನ್ಯಾಗ ಸಾಮಾನು ಸರದಂಗ ಇರ್ತಾವ. ಕುರ್ಚಿ ಬ್ಯಾರೆ ಕಡೆ ಇರತೈತಿ. ನನಗ ಮರುವು ಅಂದ್ಕೊಂಡಿದ್ದೆ. ಈಗ ನೋಡಿದ್ರ ಯಾರರ ಒಳಗ ಬಂದು ಹೋಗ್ತಾರೇನೋ ಅಂತ ಅಂಜಿಕಿ ಬರಾಕತ್ತೈತಿ. ಎರಡ ದಿನಾ ಆತು, ಕಣ್ಣಿಗೆ ನಿದ್ದಿ ಇಲ್ಲ."

ಆಗ ಹೇಳಬೇಕಿತ್ತು. ಹೇಳುವುದಕ್ಕೆ ಅದಕ್ಕಿಂತ ಸುಲಭದ ಗಳಿಗೆ ಇರಲಿಲ್ಲ. ಹಿತ್ತಲಲ್ಲಿ ನಾವಿಬ್ಬರೇ ಇದ್ದೆವು, ಆಕೆ ನನ್ನ ಒದ್ದೆ ಕೈಯನ್ನೇ ಹಿಡಿದುಕೊಂಡಿದ್ದಳು. ಅದು ನಾನು ಕಣ್ರೀ ಎಂದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಯಾರೋ ತಮಾಷೆಗೆ ಬರ್ದಿರ್ತಾರೆ ಬಿಡಿ. ಬಾಗ್ಲು ಭದ್ರವಾಗಿ ಹಾಕ್ಕೊಳ್ಳಿ."

ಅವತ್ತಿನಿಂದ ನಾನು ಮೇಲೆ ಹೋಗುವುದನ್ನು ಬಿಟ್ಟೆ. ಬಿಟ್ಟೆನಲ್ಲ, ಇನ್ನು ಎಲ್ಲ ತಾನಾಗಿ ತಣ್ಣಗಾಗುತ್ತದೆ ಎಂದುಕೊಂಡೆ.

ಆಕೆ ನಾನು ಹೇಳಿದ್ದನ್ನೇ ಮಾಡಿದಳು. ಎರಡು ದಿನ ಬಿಟ್ಟು ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ, "ಮೇಲ್ಮನೆ ಮೇಡಂ ಅಂಗಡಿಗೆ ಬಂದಿದ್ರು. ಇರೋದ್ರಲ್ಲೇ ಗಟ್ಟಿ ಬೀಗ ಕೊಡಿ ಅಂದ್ರು. ನಮ್ ಹುಡುಗನ್ನೇ ಕಳ್ಸಿ ಹಾಕಿಸ್ಕೊಟ್ಟೆ" ಎಂದರು. ಅವರಿಗೆ ಅದೊಂದು ವ್ಯಾಪಾರ, ಅಷ್ಟೆ. ಅತ್ತೆ ತುತ್ತು ಹಿಡಿದ ಕೈಯನ್ನು ತಟ್ಟೆಗೆ ಇಳಿಸಿದರು.

"ನಮ್ಮನೆ ಬಾಗ್ಲಿಗೆ ನಮ್ಮನ್ನ ಕೇಳ್ದೆ ಬೀಗ ಹಾಕುಸ್ತಾಳಾ?"

ಮರುದಿನ ಆಕೆ ಆಫೀಸಿಗೆ ಹೊರಟಾಗ ಅತ್ತೆ ಜಗಲಿಯಲ್ಲಿ ಕಾದು ಕೂತಿದ್ದರು. ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದೆ.

"ಏನಮ್ಮಾ, ಬೀಗ ಬದಲಾಯ್ಸಿದ್ಯಂತೆ? ಒಂದು ಕೀ ಇಲ್ಲಿ ಕೊಟ್ಟು ಹೋಗು."

ಆಕೆ ತಡವರಿಸಿದಳು. "ಅಮ್ಮಾರ, ಸ್ವಲ್ಪ ದಿನ ಬ್ಯಾಡ್ರಿ. ಸಿಟ್ಟಾಗಬ್ಯಾಡ್ರಿ. ನನಗ ಅಂಜಿಕಿ ಆಗೇತ್ರಿ."

"ಯಾರ್ದು ಹೆದ್ರಿಕೆ? ನಮ್ದಾ?"

ಆಕೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದಳು. ಕಂಪ್ಯೂಟರು, ಆಟ, ಬರೆದ ಗಂಡಸು, ಗೇಟಿನ ಬಣ್ಣ. ಅತ್ತೆಗೆ ಅದರಲ್ಲಿ ಅರ್ಥವಾದದ್ದು ಒಂದೇ.

"ಯಾವನೋ ಗಂಡಸಿಗೆ ನಮ್ಮನೆ ಗೇಟಿನ್ ಬಣ್ಣ ಹೆಂಗೆ ಗೊತ್ತಾಯ್ತು? ನೀನ್ ಹೇಳ್ದೆ ಹೆಂಗೆ ಗೊತ್ತಾಗುತ್ತೆ?"

"ನಾ ಹೇಳಿಲ್ರೀ. ದೇವ್ರಾಣಿ ಹೇಳಿಲ್ರೀ."

"ಇನ್ಯಾರು ಹೇಳಿದ್ರು? ಗೋಡೆ ಹೇಳ್ತಾ?"

ಅತ್ತೆಯ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಯಾರಾದರೂ ಹೇಳಿರಲೇಬೇಕಿತ್ತು. ಹೇಳಿದವಳು ಅವರ ಮಗ್ಗುಲಲ್ಲೇ ಕೂತು ದಂಟು ಮುರಿಯುತ್ತಿದ್ದಳು.

ಆಕೆಯ ಕಣ್ಣಲ್ಲಿ ನೀರು ಬಂತು. ನನ್ನ ಕಡೆ ತಿರುಗಿದಳು. "ಅಕ್ಕಾರ, ನೀವರ ಹೇಳ್ರಿ. ನಾ ಅಂಥಾಕಿ ಅಲ್ಲಂತ ಹೇಳ್ರಿ."

ನಾನು ಎದ್ದು ನಿಂತೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಅತ್ತೆ, ಒಳಗ್ ಬನ್ನಿ. ಬೀದಿಯೋರು ನೋಡ್ತಾರೆ," ಎಂದೆ.

ಸುಮ್ಮನಿದ್ದಿದ್ದರೂ ಅದಕ್ಕಿಂತ ವಾಸಿಯಿತ್ತು. ಅಷ್ಟು ಹೇಳಿದ್ದರಿಂದ, ಬೀದಿಯವರು ನೋಡಬಾರದಂಥ ಕೆಟ್ಟದ್ದು ಏನೋ ನಡೆದಿದೆ ಎಂದು ನಾನೂ ಒಪ್ಪಿಕೊಂಡ ಹಾಗಾಯಿತು. ಆಕೆಗೆ ಅದು ಅರ್ಥವಾಯಿತು. ಕಣ್ಣೊರೆಸಿಕೊಂಡು, ಬ್ಯಾಗನ್ನು ಹೆಗಲಿಗೇರಿಸಿ ಬಸ್ಸಿಗೆ ಹೋದಳು. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕೆಂದು ಅತ್ತೆ ಅವತ್ತೇ ಸಂಜೆ ಹೇಳಿದರು. ನನ್ನ ಗಂಡ, "ಪಾಪ, ಇರ್ಲಿ ಬಿಡಮ್ಮ" ಎಂದು ಒಮ್ಮೆ ಅಂದರು. ಹೆಣ್ಣುಮಗಳು ಇರುವ ಮನೆ ಇದು ಎಂದು ಅತ್ತೆ ನನ್ನ ಮಗಳನ್ನು ತೋರಿಸಿದ ಮೇಲೆ ಅವರೂ ಸುಮ್ಮನಾದರು.

ಟೆಂಪೋ ಬಂದ ದಿನ ನಾನು ಸಾಮಾನು ಇಳಿಸಲು ಹೋದೆ. ಆಕೆ ಬೇಡವೆನ್ನಲಿಲ್ಲ. ಕಂಪ್ಯೂಟರಿನ ಮಾನಿಟರನ್ನು ಹೊದಿಕೆಯಲ್ಲಿ ಸುತ್ತಿ ಇಬ್ಬರೂ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆವು. "ಹುಷಾರ್ರೀ, ಕಾಲು" ಎಂದಳು. ಅಷ್ಟೇ. ಹೊರಡುವಾಗ ಹೊಸ ವಿಳಾಸ ಬರೆದ ಚೀಟಿಯೊಂದನ್ನು ಕೊಟ್ಟು, ಏನಾದರೂ ಪತ್ರ ಬಂದರೆ ತಿಳಿಸಿ ಎಂದಳು. ಮತ್ತೆ ಬಿಟಿಎಂಗೇ ಹೊರಟಿದ್ದಳು, ನಾಲ್ಕು ಜನರ ಕೋಣೆಗೆ.

ಆ ಆಟಗಾರ ನಮ್ಮ ಬೀದಿಗೆ ಒಂದು ದಿನವೂ ಬರಲಿಲ್ಲ. ಆದರೆ ಅತ್ತೆಯ ಬಾಯಲ್ಲಿ ಅವನು ಬಂದ. ಒಂದು ತಿಂಗಳು ಕಳೆಯುವುದರೊಳಗೆ ಎದುರುಮನೆಯವರ ಹತ್ತಿರ, "ದಿನಾ ಒಬ್ಬ ಬೈಕಲ್ಲಿ ಬಂದು ಮೂಲೇಲಿ ನಿಲ್ತಿದ್ದ ಕಣಮ್ಮ, ನಾನೇ ಓಡಿಸ್ದೆ" ಎಂದು ಹೇಳುತ್ತಿದ್ದರು. ನಾನು ಅವರಿಬ್ಬರಿಗೂ ಕಾಫಿ ತಂದುಕೊಟ್ಟೆ. ಎದುರುಮನೆಯವರು ನನ್ನನ್ನು, "ಹೌದೇನಮ್ಮ?" ಎಂದು ಕೇಳಿದರು. ನಾನು ಲೋಟ ಹಿಡಿದುಕೊಂಡು ನಕ್ಕೆ.

ಅವತ್ತು ಊಟ ಸೇರಲಿಲ್ಲ. ಅದೇ ವಾರ ಆಕೆಯ ಹೆಸರಿಗೆ ಬ್ಯಾಂಕಿನ ಕಾಗದವೊಂದು ಬಂದಿತ್ತು. ಅದನ್ನು ಕೊಡುವ ನೆಪ ಮಾಡಿಕೊಂಡು, ಜಯನಗರಕ್ಕೆ ಬಟ್ಟೆ ತರಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಎರಡು ಬಸ್ಸು ಬದಲಿಸಿ ಬಿಟಿಎಂಗೆ ಹೋದೆ. ಶನಿವಾರ ಮಧ್ಯಾಹ್ನ. ಕೋಣೆಯೊಳಗೆ ಬೇರೆ ಹುಡುಗಿಯರಿದ್ದರು. ಆಕೆ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ಸಣ್ಣಗಾಗಿದ್ದಳು.

ಕಾಗದ ಕೊಟ್ಟು, ಕೈ ಹಿಡಿದುಕೊಳ್ಳಲು ಹೋಗಿ ಹಿಡಿಯದೆ, ಹೇಳಿದೆ. ನಲ್ಲಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಹೋಳಿಗೆಯನ್ನೂ ಬಿಡಲಿಲ್ಲ. ಒಬ್ಬಳೇ ಎಂದು ಬರೆದದ್ದನ್ನು ಹೇಳುವಾಗ ಮಾತ್ರ ತಲೆ ಎತ್ತಲಾಗಲಿಲ್ಲ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತೋ. ಆಕೆ ಗೋಡೆಗೆ ಒರಗಿಕೊಂಡಳು. ಆಮೇಲೆ, "ನೀವಿದ್ರಿ ಅಂತ ಗೊತ್ತಿದ್ರ ನಾ ನಿದ್ದಿ ಮಾಡ್ತಿದ್ದೆ ಅಕ್ಕಾರ," ಎಂದಳು. "ಇಲ್ಲೆ ಬಂದ ಮ್ಯಾಲೂ ಬಾಗಲಾ ಬಡದ್ರ ಜೀವ ಝಲ್ ಅಂತೈತಿ. ಆಫೀಸಿನಿಂದ ಬರೂವಾಗ ಹಿಂದ ಯಾರರ ಬರ್ತಾರೇನು ಅಂತ ನೋಡ್ಕೋತ ಬರ್ತೀನಿ. ನಂದ ತಲಿ ಕೆಟ್ಟೈತಿ ಅಂದ್ಕೊಂಡಿದ್ದೆ."

"ತಪ್ಪಾಯ್ತು ಕಣ್ರೀ," ಎಂದೆ.

"ಅವಗ ಮತ್ತೇನ ಹೇಳೀರಿ? ನೆನಪ ಮಾಡ್ಕೊಂಡು ಹೇಳ್ರಿ. ನನ್ನ ಖರೇ ಹೆಸರು ಹೇಳೀರೇನು? ಆಫೀಸು?"

ಹೆಸರು ಹೇಳಿಲ್ಲ, ಆಫೀಸು ಬಿಟಿಎಂ ಎಂದಷ್ಟೇ ಹೇಳಿದ್ದೇನೆ ಎಂದೆ. ಪೊಲೀಸರ ಮುಂದೆ ಹೇಳುವ ಹಾಗೆ, ಅವನು ಏನು ಕೇಳಿದ, ನಾನು ಏನು ಬರೆದೆ ಎಂದು ಒಂದೊಂದಾಗಿ ಹೇಳಿಸಿಕೊಂಡಳು. ಆ ಐಡಿಯನ್ನು ಆಗಲೇ ತೆಗೆದುಹಾಕಿದ್ದಳಂತೆ. ಆಟ ಆಡುವುದನ್ನೂ ಬಿಟ್ಟಿದ್ದಳು.

"ನನಗ ನಿಮ್ಮ ಮ್ಯಾಲೆ ಸಿಟ್ಟು ಬರಾಕ ಟೈಮ್ ಹತ್ತತೈತಿ," ಎಂದಳು ಕೊನೆಗೆ. "ಒಂದ ಮಾಡ್ರಿ. ನಿಮ್ಮ ಅತ್ತಿಯವರಿಗೆ ಹೇಳ್ರಿ. ಅವರು ನನ್ನ ಬಗ್ಗೆ ಹಂಗ ತಿಳ್ಕೊಂಡಿರೂದು ನನಗ ಬ್ಯಾಡ."

"ಹೇಳ್ತೀನಿ. ಖಂಡಿತ ಹೇಳ್ತೀನಿ," ಎಂದೆ.

ಆಕೆ ಒಳಗೆ ಕರೆಯಲಿಲ್ಲ. ಹೋಗಿ ಬನ್ನಿ ಎಂದೂ ಅನ್ನಲಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಒಳಗಿನಿಂದ ಚಿಲಕದ ಸದ್ದು ಎರಡು ಸಲ ಕೇಳಿಸಿತು. ಮತ್ತೆಂದೂ ಆಕೆಯನ್ನು ನಾನು ನೋಡಿಲ್ಲ.

ಬರುವಾಗ ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ಮನೆಗೆ ಬಂದರೆ ನೆಂಟರಿದ್ದರು. ಮರುದಿನ ಅಮಾವಾಸ್ಯೆ. ಆಮೇಲೆ ಅತ್ತೆಗೆ ಮಂಡಿ ನೋವು ಹೆಚ್ಚಾಯಿತು. ಕಾರಣಗಳಿಗೆ ಏನೂ ಕೊರತೆಯಾಗಲಿಲ್ಲ. ಒಂದು ಮಧ್ಯಾಹ್ನ ಮಂಡಿಗೆ ಎಣ್ಣೆ ತಿಕ್ಕುತ್ತಾ, "ಅತ್ತೆ, ಮೇಲ್ಮನೇಲಿ ಇದ್ರಲ್ಲ, ಆ ಗದಗಿನ ಕಡೆಯೋರು..." ಎಂದು ಶುರುಮಾಡಿದೆ.

"ಅವಳ ಮಾತ್ಯಾಕೆ ಈಗ?" ಎಂದರು ಕಣ್ಣು ಮುಚ್ಚಿಕೊಂಡೇ.

"ಏನಿಲ್ಲ, ಸುಮ್ನೆ."

ಎಣ್ಣೆ ತಿಕ್ಕುವುದನ್ನು ಮುಂದುವರಿಸಿದೆ. ಹಾಗೇ ವರ್ಷಗಳು ಹೋದವು. ನಡುವೆ ಮಗಳಿಗೆಂದು ನಮ್ಮ ಮನೆಗೂ ಕಂಪ್ಯೂಟರ್ ಬಂತು. ತಂದ ದಿನ ಮಗಳು ನನ್ನನ್ನು ಮುಂದೆ ಕೂರಿಸಿ, "ಅಮ್ಮ, ಮೌಸ್ ಹಿಡ್ಕೊಳ್ಳೋದು ಹೆಂಗೆ ಗೊತ್ತಾ?" ಎಂದಳು. ಗೊತ್ತಿಲ್ಲ ಎಂದೆ. ನನ್ನ ಕೈಯ ಮೇಲೆ ತನ್ನ ಪುಟ್ಟ ಕೈ ಇಟ್ಟು ಹೇಳಿಕೊಟ್ಟಳು. ನಾನು ಬೇಕೆಂದೇ ತಡವರಿಸಿದೆ. ಅತ್ತೆ ಕೊನೆಗೂ ಏನೂ ತಿಳಿಯದೆಯೇ ತೀರಿಕೊಂಡರು.

ಅವರು ಇರುವಾಗಲೇ ನಡೆದ ಇನ್ನೊಂದು ಸಂಗತಿಯಿದೆ. ಅದನ್ನೂ ಹೇಳಿಬಿಡಬೇಕು. ಮೇಲಿನ ಮನೆ ಮತ್ತೆ ಖಾಲಿಯಾಗಿ ಗೇಟಿಗೆ ಬೋರ್ಡು ಹಾಕಿದ್ದೆವು. ಒಂದು ಬೆಳಿಗ್ಗೆ ಹಾವೇರಿ ಕಡೆಯ ಅಪ್ಪ, ಮಗಳು ಬಂದರು. ಮಗಳಿಗೆ ಇಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ಲ್ಯಾಬಿನ ಕೆಲಸ ಸಿಕ್ಕಿದೆಯಂತೆ. ಅಪ್ಪ ಗೇಟಿನ ಹೊರಗೇ ನಿಂತು, "ಅಮ್ಮಾರ, ಮನಿ ಖಾಲಿ ಐತಂತ ಬೋರ್ಡು ನೋಡಿದ್ವಿ. ಮಗಳು ಒಬ್ಬಾಕೀನ ಇರ್ತಾಳ," ಎಂದರು.

ಒಳಗಿನಿಂದ ಅತ್ತೆ, "ಫ್ಯಾಮಿಲಿಗಾದ್ರೆ ಕೊಡ್ತೀವಿ ಅನ್ನು. ಒಂಟಿ ಹುಡುಗೀರಿಗೆ ಇಲ್ಲ ಅಂತ ಹೇಳಿ ಕಳ್ಸು," ಎಂದರು.

ನಾನು ಹೇಳಿದೆ.

"ಯಾಕ್ರೀ ಅಮ್ಮಾರ?" ಅಪ್ಪ ಮೆಲ್ಲಗೆ ಕೇಳಿದರು. "ನನ್ನ ಮಗಳು ಭಾಳ ಸೂಕ್ಷ್ಮ ಅದಾಳ್ರಿ. ಯಾರ ಸುದ್ದಿಗೂ ಹೋಗಾಕಿ ಅಲ್ಲ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅತ್ತೆ ಹೇಳಿದ್ದಾರೆ, ನನ್ನ ಕೈಯಲ್ಲಿ ಏನೂ ಇಲ್ಲ ಎನ್ನಬಹುದಿತ್ತು. ಕ್ಷಮಿಸಿ ಎಂದು ಗೇಟು ಮುಚ್ಚಬಹುದಿತ್ತು.

"ಮೊದ್ಲು ಒಬ್ರು ಇದ್ರು," ಎಂದೆ. "ತೊಂದ್ರೆ ಆಯ್ತು."

ಅಪ್ಪ ಆಯ್ತು ಬಿಡ್ರಿ ಎಂದು ಕೈಮುಗಿದರು. ಇಬ್ಬರೂ ಕನಕಪುರ ರಸ್ತೆಯ ಕಡೆ ನಡೆದು ಹೋದರು. ಆ ಎರಡು ಮಾತನ್ನು ನನಗೆ ಅತ್ತೆ ಹೇಳಿಕೊಟ್ಟಿರಲಿಲ್ಲ. ನಾನಾಗಿಯೇ ಹೇಳಿದ್ದೆ.